ತಂಗಿ ಮಾಡಿದ ನೀಟು ಕಾಪಿ

ನನ್ನ ತಂಗಿ ಕೆಟ್ಟವಳಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳಿದರೆ ನೀವು ನಂಬಲ್ಲ. ಕೆಟ್ಟವಳಾಗಿದ್ದರೆ ನನಗೆ ಇಷ್ಟು ಉರೀತಾನೂ ಇರಲಿಲ್ಲ. ಕೆಟ್ಟವರು ಕೈಕೊಟ್ಟರೆ ಅವರ ಕಸುಬೇ ಅದು ಅಂದುಕೊಂಡು ಸುಮ್ಮನಾಗಬಹುದು. ನನ್ನ ಹಳೇ ಫ್ರಾಕು ಹಾಕ್ಕೊಂಡು, ನನ್ನ ಬೆನ್ನಿಗೇ ಅಂಟಿಕೊಂಡು ಬೆಳೆದವಳು ಕೈಕೊಟ್ಟರೆ ಏನು ಮಾಡೋದು, ನೀವೇ ಹೇಳಿ.

ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಕೆಳಗೆ ಮಿಷನ್ನು, ಗೋಡೆಗೆ ದಾರದ ಉಂಡೆಗಳ ಹಲಗೆ, ಮೂಲೆಯಲ್ಲಿ ಇಸ್ತ್ರಿ ಮೇಜು. ಹೊಸ ಬಟ್ಟೆ ಹೊಲಿಯೋದು ಕಮ್ಮಿ, ರಿಪೇರಿಯೇ ಜಾಸ್ತಿ. ಪ್ಯಾಂಟಿನ ಉದ್ದ ಕಡಿಮೆ ಮಾಡೋದು, ಜಿಪ್ಪು ಬದಲಾಯಿಸೋದು, ವರ್ಷಕ್ಕೊಂದು ಸುತ್ತು ದಪ್ಪಗಾಗೋ ಗಂಡಸರ ಕೋಟು ಬಿಚ್ಚಿ ಅಗಲ ಮಾಡೋದು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆ ಮೇಲೇ ಇರ್ತಾನೆ. ಎಷ್ಟೇ ಸಣ್ಣ ಕೆಲಸ ಆಗಲಿ, ತಂಗಿ ಬಟ್ಟೆಗೆ ಇಸ್ತ್ರಿ ಹಾಕಿ, ಗುಂಡಿ ಹಾಕಿ, ಮಡಿಸಿ, ಒಳಬದಿ ಒಂಚೂರೂ ಕಾಣದ ಹಾಗೆ ಗಿರಾಕಿ ಕೈಗೆ ಕೊಡ್ತಾಳೆ. "ಒಳಗೆ ಎಷ್ಟು ಸಲ ಬಿಚ್ಚಿದೆ, ಎಷ್ಟು ಸಲ ಹೊಲಿದೆ ಅನ್ನೋದು ಅವರಿಗ್ಯಾಕೆ?" ಅಂತಾಳೆ.

ನಾನು ಪ್ರಿಂಟಿಂಗ್ ಪ್ರೆಸ್ಸಲ್ಲಿ ಇಪ್ಪತ್ತೊಂಬತ್ತು ವರ್ಷ ಪ್ರೂಫ್ ನೋಡಿದವಳು. ನಮ್ಮ ಕಸುಬಿನ ರೀತಿ ಇದಕ್ಕೆ ತದ್ವಿರುದ್ಧ. ತಪ್ಪಿನ ಮೇಲೆ ಒಂದೇ ಗೆರೆ, ಅಂಚಿನಲ್ಲಿ ಸರಿಯಾದ ಪದ, ಪಕ್ಕದಲ್ಲಿ ತಾರೀಖು. ಮೊದಲು ಏನಿತ್ತು, ಆಮೇಲೆ ಏನಾಯ್ತು, ಯಾರು ಮಾಡಿದ್ದು, ಎಲ್ಲಾ ಕಣ್ಣಿಗೆ ಕಾಣಬೇಕು. ರಬ್ಬರು ಕಂಡರೆ ನನಗೆ ಮೈ ಉರಿಯುತ್ತೆ. ನನ್ನ ಬಾಯೂ ಹಾಗೇ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತ ಗಾದೆ ಇದೆಯಲ್ಲ, ಆ ಒದೆ ನಾನು ಬೇಕಾದಷ್ಟು ತಿಂದಿದ್ದೀನಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ತಂಗಿಗೆ ಅನ್ಯಾಯ ಆಗುತ್ತೆ. ನಾವು ಚಿಕ್ಕವರಿದ್ದಾಗ ಅಪ್ಪ ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು, ಕಾಲೇಜಿಗೆ ಒಬ್ಬಳನ್ನ ಕಳಿಸೋ ಶಕ್ತಿ ಮಾತ್ರ ನನಗಿರೋದು ಅಂದರು. ತಂಗಿ ತಕ್ಷಣ, "ಅಕ್ಕ ಹೋಗಲಿ ಬಿಡಪ್ಪ, ನನ್ನ ತಲೆಗೆ ಓದು ಹತ್ತಲ್ಲ" ಅಂದಳು. ಅಪ್ಪಟ ಸುಳ್ಳು. ಅವಳ ಮಾರ್ಕು ಯಾವತ್ತೂ ನನ್ನದಕ್ಕಿಂತ ಜಾಸ್ತಿ. ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತೆವು. ನನ್ನ ಡಿಗ್ರಿ ಬಂದದ್ದು ಹಾಗೆ.

ಅವಳಿಗೆ ತಡವಾಗಿ ಹುಟ್ಟಿದವಳು ಒಬ್ಬಳೇ ಮಗಳು. ಕೂತರೂ ಯಾಕೆ, ನಿಂತರೂ ಯಾಕೆ ಅಂತ ಕೇಳ್ತಿದ್ದಳು ಅಂತ ಅವಳಿಗೆ ಯಾಕಮ್ಮ ಅಂತಲೇ ಹೆಸರು ಬಿತ್ತು. ಐದನೇ ಕ್ಲಾಸಲ್ಲಿ ಶ್ವಾಸಕೋಶದ ತೊಂದರೆ ಬಂದು ಎಂಟು ತಿಂಗಳು ಮಲಗಿದಳು. ಮಲಗಿದಲ್ಲೇ ಅಮ್ಮ ಪಾಠ ಹೇಳಿದಳು. ವಾಸಿಯಾದ ಮೇಲೆ ಸ್ಕೂಲಿಗೆ ಹೊರಡು ಅಂದರೆ, "ಅಲ್ಲಿ ಯಾಕೆ ಅಂದ್ರೆ ಹೊರಗೆ ನಿಲ್ಲಿಸ್ತಾರೆ, ಇಲ್ಲಿ ಅಮ್ಮ ಮಿಷನ್ ನಿಲ್ಲಿಸ್ತಾಳೆ" ಅಂದಳು. ತಂಗಿಗೆ ಅಷ್ಟೇ ಸಾಕಾಯ್ತು. ಶಿಕ್ಷಣ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿ ಮನೇಲೇ ಓದಿಸೋಕೆ ಒಪ್ಪಿಗೆ ತಂದಳು. ಒಪ್ಪಿಗೆ ಒಂದೇ ವರ್ಷಕ್ಕೆ. ವರ್ಷದ ಕೊನೆಯಲ್ಲಿ ಮಗುವನ್ನ ಕರ್ಕೊಂಡು ಹೋಗಿ, ಅವಳು ಮಾಡಿದ ಕೆಲಸವನ್ನೂ ತೋರಿಸಬೇಕು, ಸರಿ ಅನಿಸಿದರೆ ಇನ್ನೊಂದು ವರ್ಷ.

ತಂಗಿಗೆ ಇಷ್ಟವಾದ ಪಾಠ ಇತಿಹಾಸ. ಹೊಲೀತಾ ಹೊಲೀತಾ ಹೇಳೋಳು. ರಾಜರು, ಹಡಗುಗಳು, ಕಾರ್ಖಾನೆಗಳು, ಎಲ್ಲಾ ಆ ಮಿಷನ್ನಿನ ಸದ್ದಿನಲ್ಲೇ ಬಂದು ಹೋದವು. ರಾತ್ರಿ ಓದಿಕೊಂಡು ಬೆಳಿಗ್ಗೆ ಹೇಳೋಳು. ಮಗಳಿಗೆ ಪಾಠ ಹೇಳೋ ನೆಪದಲ್ಲಿ ತಾನು ಬಿಟ್ಟ ಕಾಲೇಜನ್ನ ತಾನೇ ಓದ್ತಿದ್ದಳು ಅಂತ ನನಗೆ ಗೊತ್ತಾಗ್ತಿತ್ತು. ನೋಡೋಕೆ ಖುಷಿಯಾಗ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲನೇ ವರ್ಷದ ಕೊನೆಗೆ ಕಚೇರಿಯ ಅಧಿಕಾರಿ ಮೇಡಂ ಯಾಕಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿ ಮೆಚ್ಚಿಕೊಂಡರಂತೆ. ಆಮೇಲೆ, "ಹುಡುಗಿ ಚೆನ್ನಾಗಿ ಮಾತಾಡ್ತಾಳೆ, ಆದ್ರೆ ಬರೆದಿದ್ದು ಎಲ್ಲಿ? ಇತಿಹಾಸದಲ್ಲಿ ಒಂದು ಹಾಳೆಯೂ ಇಲ್ಲ. ಮುಂದಿನ ವರ್ಷ ಬರವಣಿಗೆ ಇರಲೇಬೇಕು, ಇಲ್ಲಾಂದ್ರೆ ಸ್ಕೂಲಿಗೆ ಸೇರಿಸಿ" ಅಂದರಂತೆ. ತಂಗಿ ಅಲ್ಲಿಂದ ಸೀದಾ ನನ್ನ ಮನೆಗೆ ಬಂದಳು. ಪ್ರೆಸ್ಸು ಮುಚ್ಚಿಹೋಗಿ ನಾನು ನೊಣ ಹೊಡೀತಾ ಕೂತಿದ್ದೆ. "ಅಕ್ಕ, ಬರೆಸೋದು ನಿನ್ನ ಕೆಲಸ. ನನ್ನ ಮಗಳು ಮನೇಲಿ ಓದೋದು ಬಿಡೋದು ನಿನ್ನ ಕೈಲಿದೆ" ಅಂದಳು.

ಹೀಗೆ ನಾನು ಮೇಷ್ಟ್ರಾದೆ. ವಾರಕ್ಕೆ ಎರಡು ಮಧ್ಯಾಹ್ನ. ಪ್ರಶ್ನೋತ್ತರ ಕಾಪಿ ಮಾಡಿಸೋ ಜಾತಿಯವಳಲ್ಲ ನಾನು. ಅಮ್ಮ ಒಂದು ಪಾಠ ಹೇಳಿದ ಮೇಲೆ ಯಾಕಮ್ಮ ಒಂದು ಪುಟ ಬರೀಬೇಕು, ಒಂದೇ ಪುಟ. ಅದರಲ್ಲಿ ಮೂರು ವಿಷಯ ಇರಲೇಬೇಕು. ಇದನ್ನ ಹೇಳಿದ್ದು ಯಾರು. ಅವರು ಕಣ್ಣಾರೆ ನೋಡಿದ್ದಾ, ಕೇಳಿದ್ದಾ. ನನಗೆ ಇನ್ನೂ ಗೊತ್ತಿಲ್ಲದ್ದು ಏನು. ಪೆನ್ನಿನಲ್ಲೇ ಬರೆಯೋದು. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗೋದು.

ಮೊದಲನೇ ತಿಂಗಳು ಹುಡುಗಿ ಪೆನ್ನು ಕಚ್ಚಿ ಕಚ್ಚಿ ಅದರ ಬಾಲ ಜಜ್ಜಿಹೋಯ್ತು. ಎರಡನೇ ತಿಂಗಳು ಹಳೇ ಕಾಲದ ಹೆದ್ದಾರಿಯ ಪಾಠಕ್ಕೆ ಹೀಗೆ ಬರೆದಳು: "ಈ ರಸ್ತೆ ರಾಜ ಮಾಡಿಸಿದ ಅಂತ ಪುಸ್ತಕದಲ್ಲಿದೆ. ಕಲ್ಲು ಒಡೆದವರು ಯಾರು ಅಂತ ಇಲ್ಲ. ಅವರ ಮಕ್ಕಳು ಆಗ ಎಲ್ಲಿದ್ದರು ಅಂತಲೂ ಇಲ್ಲ. ರಾಜ ಒಂದು ಸಲವಾದರೂ ನಡೆದು ನೋಡಿದನಾ, ನನಗೆ ಗೊತ್ತಿಲ್ಲ." ಓದಿ ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಅವಳ ಮುಂದೆ ಮಾತ್ರ, "ಪರವಾಗಿಲ್ಲ, ರಾಜನ ತಲೆಗೆ ಕೊಂಬು ಬರೆದಿಲ್ಲವಲ್ಲ" ಅಂತ ಅಷ್ಟೇ ಅಂದೆ.

ತಂಗಿಗೆ ಆ ನೋಟ್‌ಬುಕ್ಕುಗಳನ್ನ ನೋಡಿದರೆ ಆಗ್ತಿರಲಿಲ್ಲ. ಎಲ್ಲಿ ನೋಡಿದರೂ ಗೆರೆ, ಬಾಣ, ಅಂಚಿನಲ್ಲಿ ತುರುಕಿದ ಸಾಲು. "ಇದೇನಕ್ಕ, ಕೋಳಿ ಕೆದರಿದ ಹಾಗಿದೆ. ಒಂದು ನೀಟು ಕಾಪಿ ಬೇಡವಾ?" ಅಂತಿದ್ದಳು. "ಬೇಡ. ಹುಡುಗಿ ಯೋಚನೆ ಮಾಡಿದ್ದು ಆ ಗೆರೆಗಳಲ್ಲೇ ಇರೋದು" ಅಂತಿದ್ದೆ. "ಗೊತ್ತಿಲ್ಲ ಗೊತ್ತಿಲ್ಲ ಅಂತ ಪುಟಕ್ಕೊಂದು ಸಲ ಬರೆದರೆ ಇವಳಿಗೆ ನಾವು ಏನೂ ಕಲಿಸಿಲ್ಲ ಅನ್ಕೋತಾರೆ" ಅಂತ ಅವಳು. "ಅನ್ಕೊಳ್ಳಲಿ" ಅಂತ ನಾನು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ನಾನು ಎತ್ತು ಅಂತ ಹೇಳ್ಕೋತಿಲ್ಲ.

ವರ್ಷದ ಕೊನೆ ಪಾಠ ಕಾರ್ಖಾನೆಗಳದು. ನಮ್ಮ ಬೀದಿ ತುದಿಯಲ್ಲಿ ಮುಚ್ಚಿಹೋದ ನೂಲಿನ ಗಿರಣಿ ಒಂದಿದೆ. ಅದು ಹೇಗೆ ಮುಚ್ಚಿತು ಅಂತ ಮೂರು ಜನರನ್ನ ಕೇಳಿ ಬರಿ ಅಂದೆ. ಯಾಕಮ್ಮ ಹೋಗಿ ಹಳೇ ಕಾವಲುಗಾರನನ್ನ ಕೇಳಿದಳು, ಟೀ ಅಂಗಡಿಯ ಅಜ್ಜನನ್ನ ಕೇಳಿದಳು, ಗಿರಣಿಯಲ್ಲಿ ದಾರ ಸುತ್ತುತ್ತಿದ್ದ ಎದುರುಮನೆ ಅಜ್ಜಿಯನ್ನ ಕೇಳಿದಳು. ಕಾವಲುಗಾರ ಸೋಮವಾರ ತಾನೇ ಬೀಗ ಹಾಕಿದೆ ಅಂದ. ಟೀ ಅಜ್ಜ ಶನಿವಾರವೇ ಬೀಗ ಬಿದ್ದಿತ್ತು ಅಂದ. ಅಜ್ಜಿ, "ಬೀಗ ಯಾರು ನೋಡಿದ್ರು ಮಗಾ, ನಾಳೆ ಬನ್ನಿ ಅಂದ್ರು, ಆ ನಾಳೆ ಬರಲೇ ಇಲ್ಲ" ಅಂದಳು. ಹುಡುಗಿ ಮೂವರ ಮಾತನ್ನೂ ಹಾಗೇ ಬರೆದು ಕೊನೆಗೆ ಎರಡು ಸಾಲು ಸೇರಿಸಿದಳು. "ಮೂವರೂ ಅಲ್ಲೇ ಇದ್ದರು, ಮೂವರೂ ಬೇರೆ ಬೇರೆ ಹೇಳಿದರು. ಯಾವುದು ಸರಿ ಅಂತ ನನಗೆ ಗೊತ್ತಿಲ್ಲ, ಯಾರನ್ನೂ ಸುಳ್ಳುಗಾರರು ಅನ್ನೋಕೆ ನನಗೆ ಮನಸ್ಸಿಲ್ಲ."

ಕಚೇರಿಗೆ ಹೋಗಲು ಹತ್ತು ದಿನ ಇತ್ತು. ತಂಗಿ ಬಂದು, "ಅಕ್ಕ, ನೋಟ್‌ಬುಕ್ಕು ಕೊಡು, ಎಲ್ಲಾ ಸೇರಿಸಿ ಹೊಲಿದು ಒಂದೇ ಪುಸ್ತಕ ಮಾಡ್ತೀನಿ, ಹಾಳೆ ಉದುರಲ್ಲ" ಅಂದಳು. ಹೊಲಿಯೋದು ಅವಳ ಕೈಗೆ ಬಂದ ಕೆಲಸ, ನನಗೆ ಅನುಮಾನ ಯಾಕೆ ಬರಬೇಕು? ಐದೂ ನೋಟ್‌ಬುಕ್ಕು ಚೀಲಕ್ಕೆ ಹಾಕಿ ನಾನೇ ಕೊಟ್ಟೆ. ಕೊಟ್ಟು ನಿಶ್ಚಿಂತೆಯಾಗಿ ಹತ್ತು ದಿನ ನಿದ್ದೆ ಮಾಡಿದೆ.

ಕಚೇರಿ ಎರಡನೇ ಮಹಡಿಯಲ್ಲಿ. ಮೇಜಿನ ಮೇಲೆ ಕಡತಗಳ ರಾಶಿ, ಅದರ ಹಿಂದೆ ಮೇಡಂ. ನಮಗೆ ಮೂರು ಕುರ್ಚಿ, ಒಂದಕ್ಕೆ ಕಾಲು ಗಟ್ಟಿಯಿಲ್ಲ, ಅದರಲ್ಲಿ ನಾನು ಕೂತೆ. ತಂಗಿ ಚೀಲಕ್ಕೆ ಕೈ ಹಾಕಿ ತೆಗೆದದ್ದು ನೋಟ್‌ಬುಕ್ಕಲ್ಲ. ನೀಲಿ ಪ್ಲಾಸ್ಟಿಕ್ ಹೊದಿಕೆ, ಸುರುಳಿ ತಂತಿಯ ಬೈಂಡಿಂಗು, ಕಂಪ್ಯೂಟರಿನಲ್ಲಿ ಅಚ್ಚುಹಾಕಿಸಿದ ಅರವತ್ತು ಹಾಳೆ. ನಾನು ತಂಗಿ ಮುಖ ನೋಡಿದೆ. ಅವಳು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಿದ್ದಳು. ಯಾಕಮ್ಮ ಇಬ್ಬರನ್ನೂ ನೋಡಿದಳು.

ಟೈಪು ಮಾಡಿಸಿದ್ದಾಳೆ, ಸರಿ ಹಾಳಾಗಲಿ ಅಂದುಕೊಂಡೆ. ನಿಜವಾಗಲೂ ಅಷ್ಟೇ ಅಂದುಕೊಂಡೆ.

ಮೇಡಂ ಪುಟ ತಿರುವುತ್ತಾ ಹೋದರು, ತಲೆ ಆಡಿಸಿದರು. ಕೊನೇ ಪಾಠಕ್ಕೆ ಬಂದು ನಿಂತರು. "ಇದು ತುಂಬಾ ಚೆನ್ನಾಗಿದೆ" ಅಂತ ಗಟ್ಟಿಯಾಗಿ ಓದಿದರು. "ಸೋಮವಾರದ ಆ ಕರಾಳ ಮುಂಜಾವಿನಲ್ಲಿ ಬಿದ್ದ ಬೀಗ ನೂರಾರು ಬಾಳಿಗೆ ಬಿದ್ದ ಬೀಗವಾಗಿತ್ತು. ಶ್ರಮಜೀವಿಗಳ ಕಣ್ಣೀರು ಇತಿಹಾಸದ ಪುಟಗಳಲ್ಲಿ ಎಂದೆಂದಿಗೂ ಅಳಿಸದ ಅಕ್ಷರಗಳಾಗಿ ಉಳಿಯಲಿದೆ." ಓದಿ ನಕ್ಕು, "ಏನಮ್ಮ, ಇಷ್ಟು ದೊಡ್ಡ ಮಾತು ಎಲ್ಲಿ ಕಲಿತೆ?" ಅಂದರು.

ಯಾಕಮ್ಮ ಎದ್ದು ನಿಂತಳು. "ಇದು ನಾನು ಬರೆದಿದ್ದಲ್ಲ ಮೇಡಂ. ನಾನು ಸೋಮವಾರ ಅಂತ ಹೇಳಿಲ್ಲ. ನನಗೆ ಗೊತ್ತಿಲ್ಲ ಅಂತ ಬರೆದಿದ್ದೆ."

ಮೇಡಂ ಪುಸ್ತಕ ಮುಚ್ಚಿದರು. ನಗು ಹೋಯ್ತು. "ಹಾಗಾದ್ರೆ ಬರೆದವರು ಯಾರು?"

ತಂಗಿ ಬಾಯಿ ತೆರೆದಾಗ ನಾನು ಅವಳ ಬಗ್ಗೆ ಕನಿಕರಪಡ್ತಾ ಕೂತಿದ್ದೆ. ಪಾಪ, ಈಗ ಒಪ್ಪಿಕೊಳ್ಳಬೇಕಲ್ಲ ಅಂತ. ಅವಳು ಹೇಳಿದಳು: "ನಮ್ಮಕ್ಕ ಮೇಡಂ. ಇವರೇ. ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ರು, ಕಂಡಿದ್ದನ್ನೆಲ್ಲ ತಿದ್ದೋದು ಅವರ ಚಾಳಿ. ನನಗೂ ಈಗಲೇ ಗೊತ್ತಾಗಿದ್ದು."

ನನಗೂ ಈಗಲೇ ಗೊತ್ತಾಗಿದ್ದು. ಕೇಳಿದಿರಾ? ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಪಕ್ಕದ ಹಸುವಿನ ಕಡೆ ಕೈ ತೋರಿಸಿದ ಹಾಗೆ. ಇಪ್ಪತ್ತೊಂಬತ್ತು ವರ್ಷ ಒಬ್ಬ ಬರಹಗಾರನ ಒಂದು ಪದವನ್ನ ಅವನಿಗೆ ಹೇಳದೆ ನಾನು ಮುಟ್ಟಿದವಳಲ್ಲ. ನನ್ನ ಹತ್ತಿರ ಇದ್ದ ಮರ್ಯಾದೆ ಅದೊಂದೇ. ಅದನ್ನ ಒಂದು ಉಸಿರಿನಲ್ಲಿ ತೆಗೆದು ಮೇಡಂ ಮೇಜಿನ ಮೇಲಿಟ್ಟುಬಿಟ್ಟಳು, ನನ್ನ ಒಡಹುಟ್ಟಿದವಳು.

"ಹೌದೇನ್ರಿ?" ಅಂದರು ಮೇಡಂ.

ಯಾಕಮ್ಮ ನನ್ನನ್ನೇ ನೋಡ್ತಿದ್ದಳು. ಅವಳಿಗೆ ಯಾವ ಅನುಮಾನವೂ ಇರಲಿಲ್ಲ, ದೊಡ್ಡಮ್ಮ ಈಗ ಇದ್ದದ್ದು ಇದ್ದ ಹಾಗೆ ಹೇಳ್ತಾಳೆ ಅಂತ ಕಾಯ್ತಿದ್ದಳು. ನಾಲಿಗೆ ತುದಿಗೆ ಬಂದಿತ್ತು. ಆದರೆ ಇಲ್ಲ ಅಂದರೆ ತಂಗಿ ಎರಡು ಸಲ ಸುಳ್ಳುಗಾತಿ ಆಗ್ತಾಳೆ, ಒಪ್ಪಿಗೆ ಹೋಗುತ್ತೆ, ಅವಳ ಆ ಕೋಣೆ, ಆ ಪಾಠ, ಎಲ್ಲಾ ಹೋಗುತ್ತೆ. ನನಗೋಸ್ಕರ ಅಪ್ಪನ ಮುಂದೆ ಸುಳ್ಳು ಹೇಳಿದ್ದ ಹುಡುಗಿ ಅವಳು. ನಾನು, "ಹೌದು ಮೇಡಂ, ತಪ್ಪಾಯ್ತು" ಅಂದೆ.

ಯಾಕಮ್ಮ ಕೂತುಕೊಂಡಳು. ಆಮೇಲೆ ನನ್ನ ಕಡೆ ನೋಡಲಿಲ್ಲ.

ಮೇಡಂ ನನಗೆ ಚೆನ್ನಾಗಿ ಉಗಿದರು. ವಯಸ್ಸಾದವರು, ಓದಿದವರು, ಮಗುವಿನ ಬಾಯಿಗೆ ನಿಮ್ಮ ಮಾತು ತುರುಕೋದು ಯಾವ ನ್ಯಾಯ ಅಂತ. ಒಂದೊಂದು ಮಾತೂ ಸರಿಯಾಗೇ ಇತ್ತು, ತಲುಪಬೇಕಾದ ಕುರ್ಚಿ ಮಾತ್ರ ಪಕ್ಕದ್ದು. ತಂಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮೇಡಂ ಒಂದು ಬಿಳಿ ಹಾಳೆ, ಪೆನ್ನು ಯಾಕಮ್ಮನ ಮುಂದಿಟ್ಟು, ಹೋದ ವಾರ ಓದಿದ ಪಾಠ ಯಾವುದಾದರೂ ಸರಿ, ನಿನಗೆ ಅನಿಸಿದ್ದು ಬರಿ ಅಂದರು. ಹುಡುಗಿ ಕಾಲು ಗಂಟೆ ಬರೆದಳು. ಎರಡು ಕಡೆ ಗೆರೆ ಎಳೆದಳು, ಒಂದು ಕಡೆ ಬಾಣ ಹಾಕಿದಳು. ಮೇಡಂ ಅದನ್ನ ಎರಡು ಸಲ ಓದಿ, ತಂಗಿ ಕಡೆಗೆ ಹಿಡಿದು, "ಇಂಥದ್ದು ಮನೇಲಿ ಇತ್ತಾ?" ಅಂದರು.

"ಐದು ನೋಟ್‌ಬುಕ್ಕು ಇದೆ" ಅಂದಳು ತಂಗಿ, ಕೇಳಿಸಿತೋ ಇಲ್ಲವೋ ಅನ್ನೋ ಹಾಗೆ.

"ಅದನ್ನೇ ತಂದಿದ್ರೆ ಸಾಕಿತ್ತಲ್ಲಮ್ಮ." ಅಷ್ಟು ಹೇಳಿ ಒಪ್ಪಿಗೆ ಪತ್ರಕ್ಕೆ ಸೀಲು ಒತ್ತಿದರು. ಇನ್ನೊಂದು ವರ್ಷ.

ಬಸ್ಸಲ್ಲಿ ಯಾಕಮ್ಮ ಮುಂದೆ ಹೋಗಿ ಒಬ್ಬಳೇ ಕೂತಳು. ನಾವಿಬ್ಬರು ಹಿಂದೆ. ಎರಡು ಸ್ಟಾಪು ದಾಟಿದ ಮೇಲೆ ನಾನೇ, "ನನ್ನ ಹೆಸರು ಯಾಕೆ ಹೇಳಿದೆ?" ಅಂತ ಶುರುಮಾಡಿದೆ. ತಂಗಿ, "ಬಾಯಿಗೆ ಬಂದುಬಿಡ್ತಕ್ಕ" ಅಂದಳು.

"ಬಾಯಿಗೆ ಬರೋಕೆ ನಾನೇ ಬೇಕಿತ್ತಾ?"

"ಮತ್ತೆ ಇನ್ಯಾರನ್ನ ಹೇಳಲಿ? ನನಗೆ ಇರೋದು ನೀನೊಬ್ಬಳೇ."

ಇದಕ್ಕೆ ಏನು ಹೇಳ್ತೀರಿ? ನಾನು ಕಿಟಕಿ ಕಡೆ ತಿರುಗಿ ಕೂತೆ. ದುಡ್ಡು ಕದ್ದಿದ್ದರೆ ಬೈದು ಮುಗಿಸ್ತಿದ್ದೆ. ಮೋಸ ಮಾಡಿ ಅದನ್ನೇ ಪ್ರೀತಿ ಅಂತ ಕೈಗೆ ಕೊಟ್ಟರೆ ಬೈಯೋದು ಎಲ್ಲಿಂದ?

ಮೂರು ದಿನ ಬಿಟ್ಟು, ಬರವಣಿಗೆ ಪಾಠದ ಮಧ್ಯಾಹ್ನ, ನಾನು ಎಂದಿನಂತೆ ಹೋದೆ. ಹೋಗಬಾರದು ಅಂತ ಬೆಳಿಗ್ಗೆಯಿಂದ ಅಂದುಕೊಂಡೇ ಹೋದೆ. ಯಾಕಮ್ಮ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದಳು. ತಂಗಿ ಒಬ್ಬರ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು.

"ದೊಡ್ಡಮ್ಮ, ನಾನು ಸ್ಕೂಲಿಗೆ ಸೇರ್ತೀನಿ" ಅಂದಳು ಹುಡುಗಿ. "ಅಪ್ಪನಿಗೆ ಫೋನ್ ಮಾಡಿ ಹೇಳಾಯ್ತು. ಹೂಂ ಅಂದ್ರು."

ತಂಗಿ ಕತ್ತರಿ ಕೆಳಗಿಟ್ಟಳು. "ಒಪ್ಪಿಗೆ ಸಿಕ್ಕಿದೆಯಲ್ಲೇ. ಇನ್ನೂ ಒಂದು ವರ್ಷ ಇದೆ. ಅಲ್ಲಿ ನಿನ್ನನ್ನ ಹೊರಗೆ ನಿಲ್ಲಿಸಲ್ವಾ?"

"ನಿಲ್ಲಿಸಲಿ. ಅಲ್ಲಿ ನಾನು ತಪ್ಪು ಬರೆದ್ರೆ ತಪ್ಪು ಅಂತ ನನ್ನ ಮುಖಕ್ಕೇ ಹೇಳ್ತಾರೆ." ಧ್ವನಿ ಏರಲಿಲ್ಲ, ಅಳಲೂ ಇಲ್ಲ. "ಅಮ್ಮ ಬರೆದಿದ್ದು ಅಂತ ನನಗೆ ಅಲ್ಲೇ ಗೊತ್ತಾಯ್ತು ದೊಡ್ಡಮ್ಮ. ಕರಾಳ ಮುಂಜಾವು ಅಂತೆಲ್ಲ ನೀನು ಬರೆಯಲ್ಲ. ಅಮ್ಮ ಹೆದರಿಕೊಂಡಿದ್ಲು, ಅದೂ ಗೊತ್ತು. ನೀನು ಯಾಕೆ ಹೌದು ಅಂದೆ?"

ಒಂದು ವರ್ಷದಿಂದ ಅವಳ ಯಾಕೆಗೆ ನಾವಿಬ್ಬರೂ ಉತ್ತರ ಹುಡುಕಿ ಕೊಡ್ತಿದ್ದೆವು. ಅವತ್ತು ನಾನು ನನ್ನ ಕೊಡೆ ಎಲ್ಲಿಟ್ಟೆ ಅಂತ ಹುಡುಕಿದೆ. ಅವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಕೊಡೆ ತಗೊಂಡು ಹೊರಟೆ. ತಂಗಿ ಬೀದಿ ಬಾಗಿಲವರೆಗೂ ಬಂದಳು. ಕ್ಷಮೆ ಕೇಳ್ತಾಳೆ ಅಂದುಕೊಂಡೆ. ಕೇಳಿದರೆ ಏನು ಹೇಳಬೇಕು, ಎಷ್ಟು ಹೊತ್ತು ಬಿಗಿಯಾಗಿರಬೇಕು ಅಂತೆಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದೆ.

"ನೀನು ಇಲ್ಲ ಅನ್ನಬೇಕಿತ್ತಕ್ಕ" ಅಂದಳು.

ಸಿಟ್ಟು ನೆತ್ತಿಗೇರಿತು. "ಏನಂದೆ? ನನ್ನ ತಲೆಗೆ ಕಟ್ಟಿದವಳು ನೀನು, ಈಗ ತಪ್ಪೂ ನಂದೇನಾ?"

"ನಾನು ಕೆಟ್ಟವಳಾಗ್ತಿದ್ದೆ, ಆಗಲಿ. ಮಾಡಿದವಳು ನಾನೇ ತಾನೇ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಳಗೆ ಕೇಳಿಸದ ಹಾಗೆ ಹೇಳಿದಳು. "ನೀನು ಇಲ್ಲ ಅಂದಿದ್ರೆ ಅವಳಿಗೆ ನಂಬೋಕೆ ಒಬ್ಬಳಾದರೂ ಉಳೀತಿದ್ದಳು."